ಇಬ್ಬರ ಕೈಯಲ್ಲೂ ಇರುವ ಅರ್ಧ ಗಂಟೆ

ಫೆಬ್ರುವರಿ 3

ಅಮ್ಮನಿಗೆ,

ಇಲ್ಲಿ ನನ್ನ ಎರಡು ಕಣ್ಣು ಬಿಟ್ಟು ಮಿಕ್ಕವರೆಲ್ಲ ಆರಾಮಾಗಿದ್ದಾರೆ. ನಿಮ್ಮ ವಿದೇಶಾಂಗ ಕಚೇರಿಯ ಟಪಾಲು ಚೀಲ ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೊರಡುತ್ತದಂತೆ, ಈಗ ಎರಡೂ ಹತ್ತು. ಮಾತುಕತೆ ಮುಗಿಯುವವರೆಗೆ ಊಟ ನಿದ್ದೆ ಎಲ್ಲ ಅದೇ ಕಟ್ಟಡದಲ್ಲಿ, ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ ಅಂತ ನೀನು ಹೊರಡುವಾಗ ಹೇಳಿದಾಗ ನಕ್ಕಿದ್ದೆ. ಈಗ ಪೆನ್ನು ಹುಡುಕಿ ಕೂತಾಗ ಹೊಳೆಯಿತು, ಕಾಲೇಜು ಬಿಟ್ಟ ಮೇಲೆ ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು.

ಅಧ್ಯಕ್ಷೆ ಮಲಗಿದ್ದಾಳೆ. ಅವಳು ಮಲಗಿದಾಗ ನೀನೂ ಮಲಗು ಅಂತ ಪ್ರಪಂಚದಲ್ಲಿರುವವರೆಲ್ಲ ನನಗೆ ಹೇಳುತ್ತಾರೆ. ಅವಳು ಮಲಗಿದಾಗಲೇ ಅವಳು ಉಸಿರಾಡುತ್ತಿದ್ದಾಳಾ ಅಂತ ನೋಡುವ ಕೆಲಸ ಇರುವುದು, ಅದು ಅವರಿಗೆ ಗೊತ್ತಿಲ್ಲ.

ಅಧ್ಯಕ್ಷೆ ಅಂದರೆ ನಿನ್ನ ಮೊಮ್ಮಗಳು. ಇವರು ಹಡಗಿನಿಂದ ಬಂದ ಮೇಲೆಯೇ ಹೆಸರು ಇಡುವುದು ಅಂತ ನಾವು ಮಾತಾಡಿಕೊಂಡಿದ್ದೆವಲ್ಲ, ಅಲ್ಲಿಯವರೆಗೆ ಮಾವ ಕೊಟ್ಟ ಬಿರುದು ಇದು. "ಒಂದ್ಸಲ ಕೂಗಿದ್ರೆ ಮನೆಯೆಲ್ಲ ಎದ್ದು ನಿಲ್ಲತ್ತೆ, ಯಾರ ಮಾತೂ ಕೇಳಲ್ಲ, ಸಭೆ ಯಾವಾಗ ಮುಗಿಯತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅಧ್ಯಕ್ಷೆ ಅಲ್ದೆ ಮತ್ತೇನು?" ಅಂತಾರೆ. ಐದು ವಾರದ ಕೂಸು, ಮೂರು ಜನ ದೊಡ್ಡವರನ್ನು ನೆಲ ಕಚ್ಚಿಸಿದ್ದಾಳೆ.

ಮಾವ ಸ್ಟೇಷನ್ ಮಾಸ್ಟರ್ ಆಗಿದ್ದವರು ಅಂತ ಮರೆಯುವಂತಿಲ್ಲ. ಉದ್ದದ ರಿಜಿಸ್ಟರು ತಂದು ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ. ಯಾರ ಪಾಳಿ, ಎಷ್ಟರಿಂದ ಎಷ್ಟು, ಕುಡಿದದ್ದು, ಮಲಗಿದ್ದು, ಒದ್ದೆಯಾದದ್ದು, ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಅತ್ತೆ ಅದನ್ನು ನೋಡಿ, "ಮೂವತ್ತೊಂದು ವರ್ಷ ವಾರ್ಡಲ್ಲಿ ನರ್ಸಾಗಿದ್ದೋಳು ನಾನು. ನನಗೆ ಮಗು ನೋಡ್ಕೊಳೋಕೆ ಗಾಡಿ ಬಿಡೋರು ಪುಸ್ತಕ ಕೊಡ್ತಾರೆ" ಅಂದರು. ಆದರೂ ಸಹಿ ಹಾಕುತ್ತಿದ್ದಾರೆ.

ಇವರಿಂದ ಸರಬರಾಜು ದೋಣಿಯಲ್ಲಿ ಪತ್ರ ಬಂತು. ಅವಳ ಫೋಟೋವನ್ನು ಎಂಜಿನ್ ರೂಮಿನಲ್ಲಿ ಮೀಟರಿನ ಪಕ್ಕ ಅಂಟಿಸಿದ್ದಾರಂತೆ. ಎಣ್ಣೆ ಕೈ ತಗುಲಿ ತಗುಲಿ ಅರ್ಧ ಮುಖ ಕಪ್ಪಾಗಿದೆ, ಇನ್ನೊಂದು ಕಳಿಸು ಅಂದಿದ್ದಾರೆ. ಇವರ ಹಡಗು ಹೊರಟು ಐದು ತಿಂಗಳಾಯಿತು ಅಮ್ಮ. ಇಷ್ಟು ವರ್ಷ ಆ ಜಲಸಂಧಿಯನ್ನು ಕಾಯುತ್ತಿದ್ದ ದೊಡ್ಡ ದೇಶ, ನಮ್ಮೆಲ್ಲರ ದೊಡ್ಡಣ್ಣ, ತನ್ನ ಹಡಗುಗಳನ್ನೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದ, ಕಾವಲು ನಾಲ್ಕು ಸಣ್ಣ ದೇಶಗಳ ತಲೆಗೆ ಬಂತು. ನಮ್ಮದು ಒಂದೇ ದೊಡ್ಡ ಹಡಗು, ಅದಕ್ಕೆ ಒಂದೇ ತಂಡ. ಬೇರೆ ದೇಶದ ಹಡಗು ಬಂದು ಬಿಡಿಸುವವರೆಗೆ ಇವರು ಅಲ್ಲಿಂದ ಅಲ್ಲಾಡುವಂತಿಲ್ಲ. ಆ ಹಡಗು ಬರಬೇಕಾದರೆ ನೀವು ನಾಲ್ಕೂ ದೇಶದವರು ಒಪ್ಪಂದಕ್ಕೆ ಸಹಿ ಹಾಕಬೇಕು. ಕಾಲೇಜಿನಲ್ಲಿ ನಾನು ಈ ವಿಷಯದಲ್ಲೇ ಎಪ್ಪತ್ತೆರಡು ಅಂಕ ತೆಗೆದಿದ್ದೆ. ಅದರಿಂದ ಅಧ್ಯಕ್ಷೆಯ ಅಪ್ಪನನ್ನು ಮನೆಗೆ ತರಿಸುವುದು ಹೇಗೆ ಅಂತ ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ನೀನು ಮಾರ್ಚ್ ಒಂದಕ್ಕೆ ಬರುತ್ತೇನೆ ಅಂದಿದ್ದೀಯ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ, ಪೆನ್ಸಿಲಿನಲ್ಲಿ. ನಿನ್ನ ವಿಷಯಕ್ಕೆ ನಾನು ಯಾವತ್ತೂ ಪೆನ್ಸಿಲನ್ನೇ ಉಪಯೋಗಿಸುವುದು.

ಎದ್ದಳು.

ನಿನ್ನ ಮಗಳು

*

ಫೆಬ್ರುವರಿ 10

ಮಗಳೇ,

ನಿನ್ನ ಪತ್ರ ಗುರುವಾರ ಸಿಕ್ಕಿತು. ಎರಡು ಸಲ ಓದಿದೆ, ಮೂರನೆಯ ಸಲ ಪೆನ್ಸಿಲಿನ ಮಾತಿನವರೆಗೆ ಮಾತ್ರ.

ಇಲ್ಲಿ ಮೊದಲ ಆರು ದಿನ ಮೇಜಿಗೇ ಹೋಯಿತು. ಉದ್ದನೆಯ ಮೇಜಾದರೆ ತಲೆಯ ಕಡೆ ಯಾರು? ದುಂಡು ಮೇಜಾದರೆ ಬಾಗಿಲಿಗೆ ಬೆನ್ನು ಹಾಕುವವರು ಯಾರು? ಕೊನೆಗೆ ನಾಲ್ಕು ಸಣ್ಣ ಮೇಜು ತಂದು ಹತ್ತಿರ ಇಟ್ಟರು. ಒಂದಕ್ಕೊಂದು ತಾಗಿಸಲು ಯಾರೂ ಒಪ್ಪಲಿಲ್ಲ, ನಾಲ್ಕು ಬೆರಳು ಸಂದಿ ಬಿಟ್ಟಿದ್ದಾರೆ. ಆ ಸಂದಿಯಲ್ಲಿ ನನ್ನ ಪೆನ್ನು ಎರಡು ಸಲ ಬಿದ್ದಿದೆ.

ನಾಲ್ವರು ಯಾರು ಅಂತ ಕೇಳುತ್ತೀಯ. ನಾವು, ದ್ವೀಪದವರು, ಉತ್ತರದವರು, ಎದುರು ದಡದವರು. ದ್ವೀಪದವರ ಹೆಣ್ಣುಮಗಳು ನಗುಮುಖದವಳು, ಏನನ್ನೂ ಬಿಟ್ಟುಕೊಡುವುದಿಲ್ಲ. ಉತ್ತರದ ಹಿರಿಯರು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಾರೆ. ಎದುರು ದಡದ ಕಮಾಂಡರಿಗೆ ನಮ್ಮ ಟೈಪಿಸ್ಟು ಮೀಸೆ ಅಂತ ಹೆಸರಿಟ್ಟಿದ್ದಾಳೆ. ಅವರು "ಇಲ್ಲ" ಅನ್ನುವ ಮೊದಲು ಮೀಸೆಯ ಬಲತುದಿ ಅಲ್ಲಾಡುತ್ತದೆ. ಇತ್ತೀಚೆಗೆ ದುಭಾಷಿಯ ಮಾತು ಕೇಳುವುದನ್ನೇ ಬಿಟ್ಟಿದ್ದೇನೆ, ಮೀಸೆ ನೋಡಿದರೆ ಸಾಕು.

ಸಿಕ್ಕಿಕೊಂಡಿರುವುದು ಒಪ್ಪಂದದ ಏಳನೆಯ ಕಲಮಿನಲ್ಲಿ. ಪತ್ರಿಕೆಯಲ್ಲೇ ಬಂದಿದೆ, ಗುಟ್ಟೇನಲ್ಲ. ಒಂದು ದೇಶದ ಹಡಗು ಹೋಗಿ ಇನ್ನೊಂದು ದೇಶದ್ದು ಬರುವಾಗ ಯಾವ ನಿಮಿಷದಿಂದ ಹೊಣೆ ಯಾರದು ಅನ್ನುವುದು. ಮೀಸೆ, "ಗಂಟೆ ಹೊಡೆದ ಕ್ಷಣ ನಿಮ್ಮದು ಮುಗೀತು, ನಮ್ಮದು ಶುರು" ಅಂತಾರೆ. ದ್ವೀಪದವಳು, "ಗಂಟೆ ಯಾರ ಗಡಿಯಾರದ್ದು?" ಅಂತಾಳೆ. ಉತ್ತರದವರು ಕಣ್ಣು ತೆರೆದು, "ಹೋಗೋ ಹಡಗು ಹೋಗಿ, ಬರೋ ಹಡಗು ಬರೋದ್ರೊಳಗೆ ಏನಾದ್ರೂ ಆದ್ರೆ?" ಅಂತ ಕೇಳಿ ಮತ್ತೆ ಮುಚ್ಚುತ್ತಾರೆ. ಆ ನಡುವಿನ ಹೊತ್ತು ಇನ್ನೊಬ್ಬರ ತಲೆಗೆ ಕಟ್ಟಬೇಕು, ಅಷ್ಟೇ ಎಲ್ಲರಿಗೂ ಬೇಕಾಗಿರುವುದು. ನನಗೂ.

ಅಳಿಯಂದಿರು ಆ ಹಡಗಿನಲ್ಲಿದ್ದಾರೆ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಹೇಳಿದರೆ ನಾನು ದೇಶಕ್ಕಾಗಿ ಮಾತಾಡುತ್ತಿದ್ದೇನೋ ಮನೆಗಾಗಿಯೋ ಅಂತ ಅನುಮಾನ ಹುಟ್ಟುತ್ತದೆ. ಅವರಿಗಲ್ಲ, ನನಗೇ.

ಮಾರ್ಚ್ ಒಂದು ಕಷ್ಟ.

ಅಮ್ಮ

*

ಫೆಬ್ರುವರಿ 17

ಅಮ್ಮನಿಗೆ,

ಸುತ್ತು ಅಳಿಸಿದೆ. ರಬ್ಬರಿನ ಪುಡಿ ಅಧ್ಯಕ್ಷೆಯ ಮೂಗಿನ ಮೇಲೆ ಬಿತ್ತು, ಸೀನಿದಳು. ಎಷ್ಟು ಪುಟ್ಟ ಸೀನು ಗೊತ್ತಾ, ಸೀನಿದ್ದು ತಾನೇ ಅಂತ ಅವಳಿಗೇ ಗೊತ್ತಾಗಲಿಲ್ಲ, ಯಾರದು ಅಂತ ಸುತ್ತ ನೋಡಿದಳು.

ನಿಮ್ಮ ಮೇಜಿನ ಕಥೆ ಹೇಳಿದ್ದಕ್ಕೆ ಮಾವ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಐದು ನಿಮಿಷ ನಿಂತಿದ್ದೆ.

ಹೆಚ್ಚು ಬರೆಯಲು ಆಗುತ್ತಿಲ್ಲ.

ನಿನ್ನ ಮಗಳು

*

ಮಾರ್ಚ್ 3

ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಏನೂ ಆಗಿಲ್ಲ. ಅವಳು ನನ್ನ ಮಡಿಲಲ್ಲಿದ್ದಾಳೆ, ಹೆಬ್ಬೆರಳು ಚೀಪುತ್ತಿದ್ದಾಳೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಗುರುವಾರ ಬೆಳಿಗ್ಗೆ ಐದರಿಂದ ಏಳು ಮಾವನ ಪಾಳಿ, ಏಳರಿಂದ ಅತ್ತೆಯದು. ನಾನು ಎಷ್ಟೋ ದಿನದ ಮೇಲೆ ಕಣ್ಣು ಮುಚ್ಚಿದ್ದೆ. ಅತ್ತೆ ಏಳಕ್ಕೆ ಎರಡು ನಿಮಿಷ ಇರುವಾಗ ಸ್ನಾನಕ್ಕೆ ಹೊರಟವರು, ಆಮೇಲೆ ಮಾವನ ಕಿರಿಕಿರಿ ಬೇಡ ಅಂತ ಪುಸ್ತಕದಲ್ಲಿ ಮುಂಚಿತವಾಗಿ ಸಹಿ ಹಾಕಿ ಹೋದರು. ತಾವು ಬರುವವರೆಗೆ ಮಾವ ಕೂತಿರುತ್ತಾರೆ ಅಂತ ಅವರ ಎಣಿಕೆ. ಮಾವ ಏಳಕ್ಕೆ ಸರಿಯಾಗಿ ಪುಸ್ತಕ ತೆಗೆದರು. ತೆಗೆದುಕೊಂಡವರ ಸಹಿ ಇದೆ. ಸಹಿ ಬಿದ್ದ ಮೇಲೆ ಗಾಡಿ ನಮ್ಮ ಸ್ಟೇಷನ್ನಿನದಲ್ಲ. "7.00, ಮಗು ಕ್ಷೇಮ, ವಹಿಸಿಕೊಡಲಾಗಿದೆ" ಅಂತ ಬರೆದು, ಕೆಳಗೆ ಗೆರೆ ಎಳೆದು, ಹಾಲು ತರಲು ಹೋದರು.

ನನಗೆ ಎಚ್ಚರವಾಗಿದ್ದು ಸದ್ದಿಗಲ್ಲ ಅಮ್ಮ, ಸದ್ದಿಲ್ಲದ್ದಕ್ಕೆ. ಎದ್ದು ಬಂದೆ. ಮುಂದಿನ ಕೋಣೆಯ ಮಂಚದ ಮೇಲೆ ಅವಳೊಬ್ಬಳೇ. ಪುಸ್ತಕದಲ್ಲಿ ಅತ್ತೆಯ ಕೈಯಲ್ಲಿದ್ದಳು. ಮಂಚದ ಮೇಲೆ ಯಾರ ಕೈಯಲ್ಲೂ ಇರಲಿಲ್ಲ. ಗಡಿಯಾರದಲ್ಲಿ ಏಳು ಗಂಟೆ ಏಳು ನಿಮಿಷ. ಅವಳು ಫ್ಯಾನ್ ನೋಡುತ್ತಿದ್ದಳು, ಅಷ್ಟು ಗಂಭೀರವಾಗಿ, ಅದರ ಮೇಲೆ ವರದಿ ಬರೆಯಬೇಕಾದವಳ ಹಾಗೆ.

ನಾನು ಕಿರುಚಿದ್ದು ಪಕ್ಕದ ಬೀದಿಗೆ ಕೇಳಿಸಿತಂತೆ. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬಂದರು. ಮಾವ ಹಾಲಿನ ಜೊತೆ ಬಂದರು. ಆಮೇಲೆ ನಡೆದದ್ದನ್ನು ಹಾಗೇ ಬರೆಯುತ್ತೇನೆ.

"ಸಹಿ ನೋಡಮ್ಮ, ಸಹಿ ಇದೆ" ಅಂದರು ಮಾವ, ಪುಸ್ತಕ ತೋರಿಸಿ.

"ಸಹಿ ಎತ್ಕೊಳತ್ತೇನ್ರೀ ಮಗೂನ?" ಅಂದರು ಅತ್ತೆ.

"ಹಾಗಾದ್ರೆ ಹಾಕಿದ್ದೇಕೆ?"

"ನಿಮ್ಮ ಬಾಯಿ ಮುಚ್ಚಿಸೋಕೆ!"

ಮಾವ ಪುಸ್ತಕ ಮುಚ್ಚಿದರು. ಹಾಲಿನ ಪಾತ್ರೆ ಕೆಳಗಿಟ್ಟರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಲವತ್ತು ವರ್ಷ ಒಂದು ಗಾಡಿಯನ್ನೂ ಇನ್ನೊಂದಕ್ಕೆ ತಾಗಿಸದ ಮನುಷ್ಯ. ಅತ್ತೆ ಅದನ್ನು ನೋಡಿದರು, ನೋಡದವರ ಹಾಗೆ ಹೋಗಿ ಅವರ ಕನ್ನಡಕ ಒರೆಸಿಕೊಟ್ಟರು.

ಅವತ್ತು ಸಂಜೆ ಅತ್ತೆ ರಿಜಿಸ್ಟರಿನಿಂದ ಒಂದು ಹಾಳೆ ಹರಿದು ವಾರ್ಡಿನ ನಿಯಮ ಬರೆದರು. ಅದರ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ತೆಗೆದುಕೊಳ್ಳುವವರು ಎರಡೂ ಕೈ ಮಗುವಿನ ಅಡಿಗೆ ಕೊಟ್ಟು "ಹಿಡ್ಕೊಂಡಿದೀನಿ" ಅಂತ ಬಾಯಿ ಬಿಟ್ಟು ಹೇಳಬೇಕು. ಕೊಡುವವರು ಅದನ್ನು ಕಿವಿಯಾರೆ ಕೇಳಬೇಕು. ಕೇಳಿದ ಮೇಲೂ ಎದ್ದು ಹೋಗಬಾರದು, ಅರ್ಧ ಗಂಟೆ ಪಕ್ಕದಲ್ಲೇ ಕೂತಿರಬೇಕು. ಆ ಅರ್ಧ ಗಂಟೆ ಏನಾದರೂ ಇಬ್ಬರೂ ಹೊಣೆ. ಪುಸ್ತಕ ಆಮೇಲೆ.

"ಅರ್ಧ ಗಂಟೆ ದಂಡವಲ್ವೇನೇ?" ಅಂದರು ಮಾವ.

"ಆ ಅರ್ಧ ಗಂಟೆ ರೋಗಿಗೆ ಇಬ್ರು ನರ್ಸು ಇರ್ತಿದ್ವಿ. ಅದನ್ನ ನಾವು ದಂಡ ಅಂತಿರ್ಲಿಲ್ಲ."

ಐದು ದಿನದಿಂದ ನಡೆಯುತ್ತಿದೆ. ಅವರಿಬ್ಬರೂ ದಿನಕ್ಕೆ ಮೂರು ಸಲ ಅರ್ಧ ಗಂಟೆ ಪಕ್ಕಪಕ್ಕ ಕೂರುತ್ತಾರೆ. ಇಷ್ಟು ಹೊತ್ತು ಒಟ್ಟಿಗೆ ಕೂತು ಅವರಿಗೆ ರೂಢಿಯಿಲ್ಲ, ಮೊದಲ ದಿನ ಜಗಳಾಡಿದರು, ಎರಡನೆಯ ದಿನ ಸುಮ್ಮನಿದ್ದರು, ನಿನ್ನೆ ಮಾವ ಏನೋ ಹೇಳಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೆ ಮಾತ್ರ ಕೈ ಬಿಡಲಾಗುತ್ತಿಲ್ಲ. ಅವರು "ಹಿಡ್ಕೊಂಡಿದೀನಿ" ಅನ್ನುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ, ಅರ್ಧ ಗಂಟೆ ಕೂರುತ್ತೇನೆ, ಆಮೇಲೂ ಕೂತೇ ಇರುತ್ತೇನೆ. ಅವಳ ಅಪ್ಪ ಬಂದು ಹಿಡಿದರೆ ಬಿಡುತ್ತೇನೇನೋ. ಗೊತ್ತಿಲ್ಲ.

ನಿನ್ನ ಮಗಳು

*

ಮಾರ್ಚ್ 24

ಮಗಳೇ,

ಎರಡು ಚೀಲ ಬಂದು ಹೋದವು, ನಾನು ಬರೆಯಲಿಲ್ಲ. ಬರೆಯಲು ಕೂತಿರಲಿಲ್ಲ ಅಂದುಕೊಳ್ಳಬೇಡ. ಬುಟ್ಟಿಯಲ್ಲಿ ಆರು ಹಾಳೆ ಇವೆ.

ಮೊದಲು ಸಂತೋಷದ ಸುದ್ದಿ. ಹೋದ ಬುಧವಾರ ಏಳನೆಯ ಕಲಮಿಗೆ ಹದಿಮೂರನೆಯ ಕರಡು. ಮೀಸೆ ಓದಿದರು, ಬಲತುದಿ ಅಲ್ಲಾಡಿತು. ದ್ವೀಪದವಳು ಕಾಗದ ಜೋಡಿಸಿಕೊಳ್ಳತೊಡಗಿದಳು, ಅಂದರೆ ನಾಳೆ ಊರಿಗೆ ಹೊರಡುತ್ತೇವೆ ಅಂತ. ನನ್ನ ಫೈಲಿನಲ್ಲಿ ಬೀಗಿತ್ತಿಯವರ ಹಾಳೆ ಇತ್ತು. ಎರಡು ವಾರದಿಂದ ಅಲ್ಲೇ ಇತ್ತು, ಯಾಕಿಟ್ಟಿದ್ದೆ ಅಂತ ಕೇಳಬೇಡ. ಮೂವತ್ತು ವರ್ಷದಲ್ಲಿ ಯಾವ ಸಭೆಯಲ್ಲೂ ಮನೆಯ ಮಾತು ಎತ್ತಿದವಳಲ್ಲ ನಾನು. ನಿನ್ನ ಅಪ್ಪ ತೀರಿಕೊಂಡ ವಾರವೂ ಎತ್ತಲಿಲ್ಲ.

ಅವತ್ತು ಎದ್ದು ನಿಂತು ಹೇಳಿಬಿಟ್ಟೆ. "ನನ್ನ ಮೊಮ್ಮಗಳು ಮೊನ್ನೆ ಏಳು ನಿಮಿಷ ಯಾರ ಕೈಲೂ ಇರಲಿಲ್ಲ. ಪುಸ್ತಕದಲ್ಲಿ ಎಲ್ಲಾ ಸರಿಯಾಗಿತ್ತು. ನಾವು ಎರಡು ತಿಂಗಳಿಂದ ಬರೀತಿರೋದು ಆ ಪುಸ್ತಕಾನೇ."

ಮೂರು ದುಭಾಷಿಗಳು ಒಬ್ಬರಾದ ಮೇಲೊಬ್ಬರು ಮುಗಿಸಿದರು. ಕೆಲಸ ಕೆಟ್ಟಿತು ಅಂದುಕೊಂಡೆ. ಮೀಸೆಯನ್ನು ನೋಡಿದೆ, ಅಲ್ಲಾಡುತ್ತಿರಲಿಲ್ಲ.

"ಮಗು ಈಗ ಹೇಗಿದೆ?" ಅಂದರು.

"ಚೆನ್ನಾಗಿದೆ. ಫ್ಯಾನ್ ನೋಡ್ತಾ ಇತ್ತಂತೆ."

"ನಮ್ಮನೇದೂ ಹಾಗೇ," ಅಂದಳು ದ್ವೀಪದವಳು, "ಫ್ಯಾನ್ ನಿಲ್ಲಿಸಿದ್ರೆ ಅಳತ್ತೆ." ಉತ್ತರದ ಹಿರಿಯರು ಕಣ್ಣು ತೆರೆದರು, ಮತ್ತೆ ಮುಚ್ಚಲಿಲ್ಲ. ಅವರಿಗೆ ಹನ್ನೊಂದು ಮೊಮ್ಮಕ್ಕಳಂತೆ. ಒಂದು ಗಂಟೆ ಚಹಾ ಆರಿತು, ದೇಶಗಳ ಕೆಲಸ ನಿಂತಿತು, ಯಾವ ಮಗು ಎಲ್ಲಿಂದ ಬಿತ್ತು, ತಪ್ಪನ್ನು ಯಾರು ಯಾರ ಮೇಲೆ ಹಾಕಿದರು ಅಂತ ಅದೇ ಮಾತು. ಕೊನೆಗೆ ಮೀಸೆ ಕೇಳಿದರು, "ನಿಮ್ಮ ಬೀಗಿತ್ತಿಯವರು ಎಷ್ಟು ಹೊತ್ತು ಅಂದ್ರು?"

"ಅರ್ಧ ಗಂಟೆ, ಇಬ್ಬರೂ ಹೊಣೆ" ಅಂತ ಆ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ.

"ಹಡಗಿಗೆ ಅದು ಸಾಲದು. ಆರು ಗಂಟೆ."

"ನಾಲ್ಕು," ಅಂದರು ಉತ್ತರದವರು.

ಸಂಖ್ಯೆಗೆ ಜಗ್ಗಾಟ ಶುರುವಾದರೆ ವಿಷಯಕ್ಕೆ ಒಪ್ಪಿದರು ಅಂತ ಅರ್ಥ ಮಗಳೇ. ಈಗ ಸಂಖ್ಯೆಗೆ ಜಗ್ಗಾಡುತ್ತಿದ್ದೇವೆ. ಬೀಗಿತ್ತಿಯವರಿಗೆ ನನ್ನ ನಮಸ್ಕಾರ ತಿಳಿಸು, ಬೀಗರಿಗೂ.

ಇನ್ನು ಆ ಆರು ಹಾಳೆಯ ಮಾತು. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ನಿನ್ನನ್ನು ಶಾಲೆಯಿಂದ ಅಪ್ಪ ಕರೆತರುತ್ತಾರೆ ಅಂತ ನಾನಂದುಕೊಂಡೆ, ನಾನು ಕರೆತರುತ್ತೇನೆ ಅಂತ ಅವರಂದುಕೊಂಡರು. ಶಾಲೆ ಬಿಟ್ಟಿದ್ದು ಮೂರೂವರೆಗೆ. ನಾನು ಗೇಟು ಮುಟ್ಟಿದಾಗ ಐದೂಮುಕ್ಕಾಲು. ನೀನು ಕಾವಲುಗಾರನ ಸ್ಟೂಲಿನ ಮೇಲೆ ಕೂತಿದ್ದೆ. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ. ಮನೆಯವರೆಗೂ ಆಡಲಿಲ್ಲ. ನಾನೂ ಆಡಲಿಲ್ಲ, ಇವತ್ತಿನವರೆಗೂ. ನಿನ್ನ ಪೆನ್ಸಿಲಿನ ಮಾತು ಓದಿದಾಗ ಕಣ್ಣಿಗೆ ಬಂದದ್ದು ಆ ಸ್ಟೂಲು.

ಅಮ್ಮ

*

ಏಪ್ರಿಲ್ 7

ಅಮ್ಮಾ!

ಸ್ಟೂಲಾ? ಇಪ್ಪತ್ತೆರಡು ವರ್ಷದಿಂದ ಆ ಸ್ಟೂಲು ಹೊತ್ತುಕೊಂಡು ದೇಶ ದೇಶ ಸುತ್ತುತ್ತಿದ್ದೀಯಾ? ಇಳಿಸು ಮಹಾತಾಯಿ, ಇಳಿಸು.

ನನಗೆ ಆ ದಿನ ಚೆನ್ನಾಗಿ ನೆನಪಿದೆ. ಸ್ಟೂಲಲ್ಲ, ಸೀಟಿ. ಕಾವಲುಗಾರ ತಾತ ತನ್ನ ಸೀಟಿ ನನ್ನ ಕೈಗೆ ಕೊಟ್ಟಿದ್ದ. ಎರಡು ಗಂಟೆ ಹೊತ್ತು ಆ ರಸ್ತೆ ನನ್ನದು. ನಾನು ಊದಿದರೆ ಸೈಕಲ್ಲುಗಳು ನಿಲ್ಲುತ್ತಿದ್ದವು, ಊದಿದರೆ ಹೋಗುತ್ತಿದ್ದವು. ಒಬ್ಬ ಪೋಸ್ಟ್‌ಮ್ಯಾನ್ ನನಗೆ ಸೆಲ್ಯೂಟ್ ಹೊಡೆದ. ಅಷ್ಟರಲ್ಲಿ ನೀನು ಬಂದುಬಿಟ್ಟೆ, ಸೀಟಿ ವಾಪಸ್ ಕೊಡಬೇಕಾಯಿತು. ನಾನು ಮಾತಾಡದೆ ಇದ್ದದ್ದು ಸಿಟ್ಟಿಗೆ. ನೀನು ತಡವಾಗಿ ಬಂದೆ ಅಂತಲ್ಲ, ಬೇಗ ಬಂದೆ ಅಂತ!

ಪೆನ್ಸಿಲಿಗೆ ಬೇರೆ ಕಾರಣಗಳಿವೆ. ಅವನ್ನು ನೀನು ಬಂದ ಮೇಲೆ ಎದುರಾಬದುರು ಕೂತು ಜಗಳಾಡೋಣ. ನನ್ನ ಹತ್ತಿರ ಉದ್ದ ಪಟ್ಟಿ ಇದೆ. ಆದರೆ ಆ ದಿನ ಅದರಲ್ಲಿಲ್ಲ, ಹೊಡೆದು ಹಾಕು.

ನಿನ್ನ ಪತ್ರವನ್ನು ಇಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಮೊದಲು ನಂಬಲಿಲ್ಲ, ನಿನ್ನ ಕೈಬರಹ ತಾವೇ ನೋಡಿ ಆಮೇಲೆ ಗೋಡೆಗೆ ಒರಗಿಕೊಂಡರು. "ನಾಲ್ಕು ದೇಶಕ್ಕೆ ಬುದ್ಧಿ ಬಂತು. ಈ ಮನುಷ್ಯನಿಗೆ ಯಾವಾಗ ಬರತ್ತೋ" ಅಂದರು. ಮಾವ ಬಿಟ್ಟಾರೆಯೇ? "ಏಳು ನಿಮಿಷ ಅಂತ ಲೆಕ್ಕ ಸಿಕ್ಕಿದ್ದು ಎಲ್ಲಿಂದ? ನಾನು ಏಳಕ್ಕೆ ಸರಿಯಾಗಿ ಬರೆದಿಟ್ಟಿದ್ದಕ್ಕೆ. ನನ್ನ ಪುಸ್ತಕ ಇಲ್ದೆ ಒಪ್ಪಂದ ಎಲ್ಲಿತ್ತು?" ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷೆ ನಕ್ಕಳು. ತುಟಿ ಅಲ್ಲಾಡಿಸುವುದಲ್ಲ, ಗಹಗಹಿಸಿ, ಹೊಟ್ಟೆ ಕುಲುಕುವ ಹಾಗೆ, ಮೊದಲ ಸಲ. ಯಾರನ್ನು ನೋಡಿ ನಕ್ಕಳು ಅಂತ ಈಗ ಮನೆಯಲ್ಲಿ ಹೊಸ ವ್ಯಾಜ್ಯ.

ನಾನು ನಿನ್ನೆ ಅವಳನ್ನು ಅತ್ತೆಯ ಕೈಗೆ ಕೊಟ್ಟು ಟೆರೇಸಿಗೆ ಹೋಗಿ ಬಟ್ಟೆ ಒಣಗಿಸಿ ಬಂದೆ. ಒಂಬತ್ತು ನಿಮಿಷ. ನನ್ನ ದಾಖಲೆ ಇದು.

ಎಷ್ಟಕ್ಕೆ ನಿಂತಿತು? ಐದು ಗಂಟೆಗಾ?

ನಿನ್ನ ಮಗಳು

*

ಏಪ್ರಿಲ್ 21

ಮಗಳೇ,

ಐದು ಗಂಟೆಗೆ. ನಿನ್ನೆ ಹನ್ನೊಂದೂಕಾಲಿಗೆ ಸಹಿ ಆಯಿತು.

ಸಹಿಗೆ ಕೂರುವಾಗ ನನ್ನ ಪೆನ್ನು ಮತ್ತೆ ಮೇಜಿನ ಸಂದಿಗೆ ಬಿತ್ತು. ಮೀಸೆ ಬಗ್ಗಿ ಎತ್ತಿಕೊಟ್ಟರು. ಆಮೇಲೆ ತಮ್ಮ ಮೇಜನ್ನು ಮೊಣಕಾಲಿನಿಂದ ಒತ್ತಿ ನಮ್ಮದಕ್ಕೆ ತಾಗಿಸಿದರು. ಉಳಿದವರೂ ಒತ್ತಿದರು. ಆರು ದಿನ ತಿಂದ ಮೇಜು ಅರ್ಧ ನಿಮಿಷದಲ್ಲಿ ಒಂದಾಯಿತು.

ಇದೇ ಚೀಲದಲ್ಲಿ ಒಂದು ಪೊಟ್ಟಣ ಇದೆ. ಮೀಸೆಯವರ ಹೆಂಡತಿ ಹೆಣೆದ ಉಣ್ಣೆಯ ಕಾಲುಚೀಲ. "ಇದು ಅಧಿಕೃತ ಕೊಡುಗೆ ಅಲ್ಲ, ಎಲ್ಲೂ ನಮೂದಿಸಬೇಡಿ" ಅಂದರು. ಒಂದು ಇನ್ನೊಂದಕ್ಕಿಂತ ದೊಡ್ಡದಿದೆ, ಅಧ್ಯಕ್ಷೆಗೆ ಹೇಳಬೇಡ.

ಅವರದೇ ಹಡಗು ನಮ್ಮದನ್ನು ಬಿಡಿಸಲು ಇಪ್ಪತ್ತೊಂಬತ್ತಕ್ಕೆ ಹೊರಡುತ್ತದೆ. ಮೊದಲ ಕೈಬದಲಾವಣೆ ಸರಿಹೋಗುವುದನ್ನು ನೋಡಿ ನಾನು ಬರುತ್ತೇನೆ. ಮೇ ಎಂಟು. ಪೆನ್ಸಿಲಿನಲ್ಲೇ ಬರಿ.

ಅಮ್ಮ

*

ಮೇ 5

ಅಮ್ಮನಿಗೆ,

ಬಂದರು. ಶನಿವಾರ ನಾಲ್ಕು ಗಂಟೆಗೆ, ಹೆಗಲ ಮೇಲೆ ಚೀಲ, ಮೈಯೆಲ್ಲ ಡೀಸೆಲ್ ವಾಸನೆ, ಗಡ್ಡ. ಅಧ್ಯಕ್ಷೆ ಗಡ್ಡವನ್ನು ನೋಡಿದಳು, ಫ್ಯಾನ್ ನೋಡುವ ಅದೇ ಗಾಂಭೀರ್ಯದಲ್ಲಿ.

ಮೊದಲು ಸಮುದ್ರದ ಕಥೆ ಕೇಳು, ಇವರು ಹೇಳಿದ್ದು. ಎದುರು ದಡದ ಹಡಗು ಬಂದು ಕೂಗಿದರೆ ಕೇಳಿಸುವಷ್ಟು ಹತ್ತಿರ ನಿಂತಿತಂತೆ. ಎಂಜಿನ್ ರೂಮಿಗೆ ಅಪ್ಪಣೆ ಬಂತು, ನಿಧಾನ ಮಾಡು, ನಿಲ್ಲಿಸಬೇಡ. ಐದು ಗಂಟೆ ಇಬ್ಬರೂ ಪಕ್ಕಪಕ್ಕ. ಮೂರನೆಯ ಗಂಟೆಯಲ್ಲಿ ಎಂಜಿನ್ ಕೆಟ್ಟ ಒಂದು ಮೀನು ದೋಣಿ ತೇಲಿಕೊಂಡು ಬಂತಂತೆ. ಯಾರ ಹೊಣೆ ಅಂತ ಯಾರೂ ಕೇಳಲಿಲ್ಲ, ಎರಡು ಹಡಗಿನಿಂದಲೂ ಒಟ್ಟಿಗೆ ಹಗ್ಗ ಬಿತ್ತು. ಒಂದು ಪುಟ್ಟ ದೋಣಿಗೆ ಎರಡು ದೇಶದ ಎರಡು ಹಗ್ಗ! ಯಾವುದನ್ನು ಹಿಡಿಯಲಿ ಅಂತ ಮೀನುಗಾರ ತಬ್ಬಿಬ್ಬಾಗಿ ಎರಡನ್ನೂ ಹಿಡಿದುಕೊಂಡನಂತೆ. ಕೊನೆಗೆ ಆ ಹಡಗಿನ ರೇಡಿಯೋದಲ್ಲಿ ನಮ್ಮ ಭಾಷೆಯಲ್ಲೇ, ತೊದಲುತ್ತಾ, "ಹಿಡಿದುಕೊಂಡಿದ್ದೇವೆ" ಅಂತ ಬಂತಂತೆ. ಆ ಮಾತನ್ನು ಮೀಸೆ ಅವರಿಗೆ ಬಾಯಿಪಾಠ ಮಾಡಿಸಿದ್ದರಂತೆ. ಎಂಜಿನ್ ರೂಮಿನಲ್ಲಿ ಎಲ್ಲರೂ ಕಿರುಚಾಡಿದರಂತೆ. ಅದು ಎಲ್ಲಿಂದ ಬಂದ ಮಾತು ಅಂತ ಇವರಿಗೆ ಆಗ ಗೊತ್ತಿರಲಿಲ್ಲ. ನಾನು ಅತ್ತೆಯ ಹಾಳೆ ತೋರಿಸಿದಾಗ ಮಂಚದ ಮೇಲೆ ಕೂತುಬಿಟ್ಟರು.

ಈಗ ನಮ್ಮ ಮನೆಯ ಕೈಬದಲಾವಣೆ. ಇವರು ಮೂರು ಸಲ ಕೈ ತೊಳೆದು ಬಂದು ಮಂಡಿಯೂರಿ ಕೂತರು. ಎರಡೂ ಕೈ ಅಡಿಗೆ ಕೊಟ್ಟರು. ಎಂಟು ತಿಂಗಳ ನಂತರ ಬಂದವರಿಗೆ ಮಾತು ತೋಚಬೇಕಲ್ಲ. ಅತ್ತೆ ಹಿಂದಿನಿಂದ, "ಹೇಳೋ, ಬಾಯಿ ಬಿಟ್ಟು ಹೇಳೋ" ಅಂದರು.

"ಹಿಡ್ಕೊಂಡಿದೀನಿ" ಅಂದರು ಇವರು.

ನಾನು ಕೇಳಿಸಿಕೊಂಡೆ. ಬಿಡಲಿಲ್ಲ. ಇವರ ಕೈಯ ಮೇಲೆ ನನ್ನ ಕೈ, ಅದರ ಮೇಲೆ ಅವಳು. ಇವರು ಬಿಡು ಅನ್ನಲಿಲ್ಲ. ಹಾಗೇ ಕೂತೆವು. ಎಷ್ಟು ಹೊತ್ತೋ. ಮಾವ ಗಡಿಯಾರ ಹಿಡಿದುಕೊಂಡು ಬಂದು ಮೆತ್ತಗೆ, "ಅರ್ಧ ಗಂಟೆ ಆಯ್ತಮ್ಮ" ಅಂದರು.

"ಇನ್ನೊಂದು ಐದು ನಿಮಿಷ ಮಾವ."

"ಇರ್ಲಿ. ಪುಸ್ತಕ ಕಾಯತ್ತೆ."

ಆ ಐದು ನಿಮಿಷದಲ್ಲಿ ಎಲ್ಲೋ ನನ್ನ ಕೈ ತಾನಾಗಿ ಕೆಳಗೆ ಜಾರಿತು ಅಮ್ಮ. ನಾನು ಬಿಟ್ಟದ್ದಲ್ಲ, ನಿದ್ದೆ ಬಂದದ್ದು. ಹನ್ನೊಂದು ಗಂಟೆ ಮಲಗಿದೆನಂತೆ. ಮಧ್ಯೆ ಎರಡು ಸಲ ನನ್ನನ್ನು ಎಬ್ಬಿಸಿ ಅವಳಿಗೆ ಹಾಲು ಕುಡಿಸಿದರಂತೆ, ನನಗೆ ಒಂದೂ ನೆನಪಿಲ್ಲ. ಎದ್ದಾಗ ಪಕ್ಕದ ಕೋಣೆಯಿಂದ ಇವರ ದನಿ. ಎಂಜಿನ್ನಿನ ಭಾಗಗಳ ಹೆಸರು ಒಂದೊಂದಾಗಿ ಅವಳಿಗೆ ಹೇಳಿಕೊಡುತ್ತಿದ್ದರು. ಅವಳು ಹೂಂಗುಟ್ಟುತ್ತಿದ್ದಳು.

ಹೆಸರೂ ಇಟ್ಟಾಯಿತು. ಚೆನ್ನಾಗಿದೆ, ಯಾರೂ ಬಳಸುತ್ತಿಲ್ಲ.

ನಿದ್ದೆ ಒಂದು ಸಲ ರುಚಿ ಹತ್ತಿದ ಮೇಲೆ ಬಿಡುವುದೇ ಇಲ್ಲ, ಈಗ ಕೂತಲ್ಲಿ ನಿಂತಲ್ಲಿ ತೂಕಡಿಸುತ್ತೇನೆ. ಶುಕ್ರವಾರ ನೀನು ಬಂದಾಗ ಬಾಗಿಲಲ್ಲೇ ಎಚ್ಚರವಾಗಿರುತ್ತೇನೆ, ನೋಡುತ್ತಿರು.

ನಿನ್ನ ಮಗಳು

*

ಮೇ 8, ಮಧ್ಯಾಹ್ನ ಎರಡೂ ಇಪ್ಪತ್ತು, ನಿನ್ನ ಮಂಚದ ಪಕ್ಕದ ಕುರ್ಚಿ

ಮಗಳೇ,

ಎಚ್ಚರವಾಗಿರುತ್ತೇನೆ ಅಂದಿದ್ದೆ. ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದೀಯ, ಆರು ವರ್ಷದವಳಾಗಿದ್ದಾಗಿನ ಹಾಗೇ. ಎಬ್ಬಿಸಬೇಡಿ ಅಂತ ನಾನೇ ಹೇಳಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಖಾಲಿ ಇಲ್ಲ.

ಅಳಿಯಂದಿರು ಕೊಟ್ಟರು, ನಾನು ತೆಗೆದುಕೊಂಡೆ, ಬೀಗಿತ್ತಿಯವರ ಎದುರಿನಲ್ಲಿ ಬಾಯಿ ಬಿಟ್ಟು ಹೇಳಿದೆ. ಬೀಗರು ಸಹಿ ಮಾಡಿಸಿಕೊಂಡರು. ನಾಲ್ಕು ದೇಶದ ಕಾಗದಕ್ಕೆ ಹಾಕಿದ ಅದೇ ಪೆನ್ನು. ಅದೇ ಪೆನ್ನಿನಲ್ಲಿ ಕ್ಯಾಲೆಂಡರಿನ ನಿನ್ನ ಪೆನ್ಸಿಲ್ ಸುತ್ತಿನ ಮೇಲೆ ಒಂದು ಸುತ್ತು ಹಾಕಿದ್ದೇನೆ. ಇನ್ನು ಅದನ್ನು ರಬ್ಬರಿನಿಂದ ಅಳಿಸಲು ಬರುವುದಿಲ್ಲ.

ನಿನ್ನ ಮಗಳು ಕಾಲುಚೀಲ ಹಾಕಿಕೊಂಡಿದ್ದಾಳೆ. ದೊಡ್ಡದು ಕಳಚಿ ಬಿತ್ತು. ನನ್ನ ಕನ್ನಡಕವನ್ನು ಪರಿಶೀಲಿಸುತ್ತಿದ್ದಾಳೆ, ಇನ್ನೂ ತೀರ್ಪು ಬಂದಿಲ್ಲ.

ನಿಯಮದ ಪ್ರಕಾರ ನಾನು "ಹಿಡಿದುಕೊಂಡಿದ್ದೇನೆ" ಅಂದದ್ದನ್ನು ನೀನೂ ಕಿವಿಯಾರೆ ಕೇಳಬೇಕು, ಆಮೇಲೆ ಅರ್ಧ ಗಂಟೆ. ನೀನು ಕೇಳಿಲ್ಲ. ಹಾಗಾಗಿ ಅರ್ಧ ಗಂಟೆ ಇನ್ನೂ ಶುರುವೇ ಆಗಿಲ್ಲ, ನೀನು ಏಳುವವರೆಗೆ ನಾನು ಈ ಕುರ್ಚಿ ಬಿಟ್ಟು ಏಳುವಂತಿಲ್ಲ.

ನನಗೆ ಇವತ್ತು ಎಲ್ಲಿಗೂ ಹೋಗಬೇಕಾಗಿಲ್ಲ. ಮಲಗು.

ಅಮ್ಮ